ಹಾರ್ಟ್‌ವರ್ಮ್ ಅಂದಾಕ್ಷಣ ನಾಯಿಯನ್ನು ವಾಪಸ್ ಬಿಡಬೇಡಿ

ಸಂಪಾದಕರಿಗೆ ನಮಸ್ಕಾರ.

2025ರ ಆಗಸ್ಟ್‌ನಲ್ಲಿ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ನಿಮ್ಮ ಓದುಗರ ಪುಟದಲ್ಲಿ ನಾಯಿ ದತ್ತು ತೆಗೆದುಕೊಳ್ಳುವ ಮಾತು ಆಗಾಗ ಬರುತ್ತಿದೆ. ರೇಬಿಸ್ ಲಸಿಕೆ ಹಾಕಿಸಿ, ಆಪರೇಷನ್ ಮಾಡಿಸಿ ಅಂತ ಎಲ್ಲರೂ ಬರೆಯುತ್ತಾರೆ. ಒಳ್ಳೆಯದೇ. ಆದರೆ ಹಾರ್ಟ್‌ವರ್ಮ್ ಅನ್ನುವ ಕಾಯಿಲೆಯ ಹೆಸರು ಯಾರೂ ಎತ್ತಿದ್ದನ್ನು ನಾನು ನೋಡಿಲ್ಲ. ಅದು ನಾಯಿಯ ಹೃದಯಕ್ಕೆ ಬರುವ ಹುಳು. ನಾನೇನೂ ಪಶುವೈದ್ಯೆ ಅಲ್ಲ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತಳಾದವಳು. ಆದರೂ ಆ ಕಾಯಿಲೆಯ ಜೊತೆ ಐದು ತಿಂಗಳು ಒಂದೇ ಮನೆಯಲ್ಲಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸಬೇಡಿ.

ನನ್ನ ಮಗಳು, ಅಳಿಯ ಇರುವುದು ಅಮೆರಿಕದ ಹ್ಯೂಸ್ಟನ್‌ನಲ್ಲಿ. 2025ರ ಫೆಬ್ರುವರಿ ಕೊನೆಯಲ್ಲಿ ಆರು ತಿಂಗಳ ಮಟ್ಟಿಗೆ ಅಂತ ನಾನು ಅಲ್ಲಿಗೆ ಹೋದೆ. ಮಾರ್ಚ್‌ನಲ್ಲಿ ಅವರು ಅಲ್ಲಿನ ಒಂದು ಆಶ್ರಯಧಾಮದಿಂದ ನಾಯಿ ತಂದರು. ಸುಮಾರು ಮೂರು ವರ್ಷದ ಹೆಣ್ಣು ನಾಯಿ, 22 ಕಿಲೋ ತೂಕ, ಮಂಡ್ಯದ ಅಚ್ಚುಬೆಲ್ಲದ ಬಣ್ಣ. ಅಲ್ಲಿನವರು ಅದಕ್ಕೆ ಬೆಲ್ಲಾ ಅಂತ ಹೆಸರಿಟ್ಟಿದ್ದರು. ನಾವು ದೀರ್ಘ ಒಂದನ್ನು ತೆಗೆದು ಬೆಲ್ಲ ಮಾಡಿಕೊಂಡೆವು. ಅವರು ಕೊಟ್ಟ ಕಾಗದದಲ್ಲಿ ಲಸಿಕೆಗಳ ತಾರೀಖೆಲ್ಲ ಇತ್ತು. ಹಾರ್ಟ್‌ವರ್ಮ್ ಅನ್ನುವ ಸಾಲಿನ ಮುಂದೆ ಮಾತ್ರ ಖಾಲಿ ಇತ್ತು. ನಾವ್ಯಾರೂ ಅದನ್ನು ಗಮನಿಸಲಿಲ್ಲ.

ನಾಲ್ಕನೇ ದಿನ ಸುಮ್ನೆ ಒಂದು ಸಲ ತೋರಿಸಿಕೊಂಡು ಬರೋಣ ಅಂತ ಪಶುವೈದ್ಯರ ಹತ್ತಿರ ಹೋದೆವು. ನಾನೂ ಜೊತೆಗಿದ್ದೆ. ಕಾಲಿನಿಂದ ಸ್ವಲ್ಪ ರಕ್ತ ತೆಗೆದು ಅಂಗೈಯಷ್ಟು ಚಿಕ್ಕ ಕಿಟ್‌ಗೆ ಮೂರು ಹನಿ ಹಾಕಿದರು. ಹತ್ತು ನಿಮಿಷದೊಳಗೆ ಅದರಲ್ಲಿ ಎರಡು ನೀಲಿ ಚುಕ್ಕೆ ಮೂಡಿದವು. ಒಂದು ಕಿಟ್ ಸರಿಯಾಗಿದೆ ಅನ್ನುವುದಕ್ಕೆ, ಇನ್ನೊಂದು ಕಾಯಿಲೆ ಇದೆ ಅನ್ನುವುದಕ್ಕೆ. ಆಮೇಲೆ ಡಾಕ್ಟರಮ್ಮ ಇನ್ನೊಂದು ಹನಿಯನ್ನು ಗಾಜಿನ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನಮಗೂ ತೋರಿಸಿದರು. ರಕ್ತದ ಕಣಗಳ ನಡುವೆ ಒಂದು ಸಣ್ಣ ದಾರದ ಎಳೆ ನಿಂತಲ್ಲೇ ಒದ್ದಾಡುತ್ತಿತ್ತು. ಅದು ಕಣಗಳನ್ನು ಆ ಕಡೆ ಈ ಕಡೆ ತಳ್ಳುತ್ತಿತ್ತು. ಅದು ಮರಿ ಹುಳು. ದೊಡ್ಡವು ಹೃದಯದ ಬಲಭಾಗದಲ್ಲೂ ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲೂ ಇರುತ್ತವೆ. ಬೇಯಿಸಿದ ಶ್ಯಾವಿಗೆ ಥರ ಇರುತ್ತವಂತೆ, ಹೆಣ್ಣು ಹುಳು 25ರಿಂದ 30 ಸೆಂಟಿಮೀಟರ್ ಬೆಳೆಯುತ್ತೆ, ಐದರಿಂದ ಏಳು ವರ್ಷ ಬದುಕುತ್ತೆ. ಇಷ್ಟು ಕೇಳಿ ನನಗೆ ಹೊಟ್ಟೆ ತೊಳೆಸಿದಂತಾಯಿತು. ಬೆಲ್ಲ ಮಾತ್ರ ಡಾಕ್ಟರಮ್ಮನ ಕೈ ನೆಕ್ಕುತ್ತಾ ಬಾಲ ಅಲ್ಲಾಡಿಸುತ್ತಿತ್ತು. ಕೆಮ್ಮಿಲ್ಲ, ಸುಸ್ತಿಲ್ಲ. ಶುರುವಿನಲ್ಲಿ ಹೊರಗೆ ಏನೂ ಗೊತ್ತಾಗುವುದಿಲ್ಲ, ಅದೇ ಕಷ್ಟ.

ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆಶ್ರಯಧಾಮಕ್ಕೆ ಫೋನ್ ಮಾಡಿದರೆ, ಬೇಡವಾದರೆ ತಂದು ಬಿಡಿ ಅಂದರು. ಅಲ್ಲಿ ಇಂಥ ನಾಯಿಗಳು ಎಷ್ಟೋ ಇವೆಯಂತೆ. ಹ್ಯೂಸ್ಟನ್ ಇರುವುದು ಗಲ್ಫ್ ಕರಾವಳಿಯ ಹತ್ತಿರ. ಸೆಕೆ, ನೀರು, ವರ್ಷದ ಹೆಚ್ಚು ಕಾಲ ಸೊಳ್ಳೆ. ಅಮೆರಿಕದ ಐವತ್ತು ರಾಜ್ಯಗಳಲ್ಲೂ ಈ ಕಾಯಿಲೆ ಕಂಡಿದ್ದರೂ ಆ ಕರಾವಳಿಯಲ್ಲಿ ತುಂಬಾ ಜಾಸ್ತಿ.

ನಿಜ ಹೇಳಬೇಕೆಂದರೆ, ವಾಪಸ್ ಕೊಟ್ಟುಬಿಡೋಣ ಅಂತ ಮೊದಲು ಅಂದಿದ್ದು ನಾನೇ. ಇಬ್ಬರೂ ಕೆಲಸಕ್ಕೆ ಹೋಗುವವರು, ಖರ್ಚು ಬೇರೆ, ಬಂದು ನಾಲ್ಕು ದಿನ ಆದ ನಾಯಿ, ಇನ್ನೂ ಅಷ್ಟು ಹಚ್ಚಿಕೊಂಡಿಲ್ಲ ಅಂತ ನನ್ನ ಲೆಕ್ಕ. ಮಗಳು ಏನೂ ಹೇಳಲಿಲ್ಲ. ಅಳಿಯ ಸ್ವಲ್ಪ ಹೊತ್ತು ಬಿಟ್ಟು, 'ಅತ್ತೆ, ಡಾಕ್ಟರು ಹೇಳಿದ್ದರಲ್ಲಿ ಕಷ್ಟದ್ದು ಒಂದೇ. ಹಗಲು ಹೊತ್ತು ಇದನ್ನು ಓಡದ ಹಾಗೆ ಯಾರಾದರೂ ನೋಡಿಕೊಳ್ಳಬೇಕು. ನೀವಿದ್ದೀರಲ್ಲ' ಅಂದರು. ಅಲ್ಲಿಗೆ ಮಾತು ಮುಗಿಯಿತು.

ಓಡಬಾರದು ಅನ್ನುವುದು ಯಾಕೆ ಅಷ್ಟು ಮುಖ್ಯ ಅಂತ ನನಗೆ ಮೊದಲು ಅರ್ಥವಾಗಿರಲಿಲ್ಲ. ನಮ್ಮ ಕಡೆಯವರಿಗೆ ಗೊತ್ತಾಗುವ ಹಾಗೆ ಹೇಳುತ್ತೇನೆ. ನಾಲೆಗೆ ಒಮ್ಮೆಲೇ ಜೋರಾಗಿ ನೀರು ಬಿಟ್ಟರೆ ಕಸಕಡ್ಡಿಯೆಲ್ಲ ಕೊಚ್ಚಿಕೊಂಡು ಬಂದು ತೂಬಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತೆ, ಅಲ್ವಾ? ಔಷಧಿ ಬಿದ್ದ ಮೇಲೆ ಹುಳು ಸಾಯುತ್ತೆ, ಆದರೆ ಸತ್ತ ಹುಳು ಎಲ್ಲಿಗೂ ಹೋಗುವುದಿಲ್ಲ. ಚೂರು ಚೂರಾಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳಿಗೆ ಸೇರುತ್ತೆ, ದೇಹ ಅದನ್ನು ನಿಧಾನವಾಗಿ ಕರಗಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ನಾಯಿ ಓಡಿದರೆ, ಹಾರಿದರೆ, ಗಾಬರಿಯಾದರೆ ರಕ್ತ ಜೋರಾಗಿ ನುಗ್ಗುತ್ತೆ, ಚೂರುಗಳು ಹೋಗಿ ನಾಳವನ್ನೇ ಮುಚ್ಚುತ್ತವೆ. ಚಿಕಿತ್ಸೆಯ ನಡುವೆ ನಾಯಿಗಳು ಜೀವ ಬಿಡುವುದು ಹೆಚ್ಚಾಗಿ ಹೀಗೇ. ಔಷಧಿ ಕೊಡುವುದು ಡಾಕ್ಟರ ಕೆಲಸ, ನಾಲೆಯ ನೀರು ತಡೆದು ಬಿಡುವುದು ಮನೆಯವರ ಕೆಲಸ.

ಮೊದಲ 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ, ದಿನಕ್ಕೆ ಎರಡು ಸಲ. ಅದು ಹುಳುವನ್ನು ನೇರವಾಗಿ ಕೊಲ್ಲುವುದಕ್ಕಲ್ಲ. ಹುಳುವಿನ ಮೈಯೊಳಗೆ ವೋಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುತ್ತೆ, ಅದು ಸತ್ತರೆ ಹುಳು ಸೊರಗುತ್ತೆ, ಮರಿ ಹಾಕುವುದು ನಿಲ್ಲುತ್ತೆ. ಖಾಲಿ ಹೊಟ್ಟೆಗೆ ಕೊಟ್ಟರೆ ಬೆಲ್ಲ ವಾಂತಿ ಮಾಡುತ್ತಿತ್ತು. ಮೊಸರನ್ನದಲ್ಲಿ ಕೊಡಲೇ ಅಂತ ಕೇಳಿದೆ. ಬೇಡ, ಹಾಲು ಮೊಸರಿನ ಜೊತೆ ಆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ ಅಂದರು. ಊರಿನಿಂದ ತಂದ ರಾಗಿ ಹಿಟ್ಟು ಇತ್ತು. ಹೆಬ್ಬೆರಳಿನಷ್ಟು ಮುದ್ದೆ ಮಾಡಿ ನಡುವೆ ಮಾತ್ರೆ ಒತ್ತಿ, ಇನ್ನೊಂದು ಸಲ ಉಂಡೆ ಕಟ್ಟಿ ಕೊಟ್ಟೆ. ಅಗಿಯದೇ ಗುಳುಂ ಅಂತ ನುಂಗಿತು. ಮುದ್ದೆ ನುಂಗುವುದನ್ನು ಅದಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ. 56 ಮಾತ್ರೆಯೂ ಹಾಗೇ ಹೋದವು.

ಆಮೇಲೆ ಒಂದು ತಿಂಗಳು ಬಿಡುವು. ಮೇ ಮಧ್ಯದಲ್ಲಿ ಮೊದಲ ಚುಚ್ಚುಮದ್ದು, ಅದಾಗಿ ಮೂವತ್ತು ದಿನಕ್ಕೆ ಎರಡನೆಯದು, ಮಾರನೇ ದಿನವೇ ಮೂರನೆಯದು. ಮೆಲಾರ್ಸೊಮಿನ್ ಅಂತ ಅದರ ಹೆಸರು, ಆರ್ಸೆನಿಕ್‌ನಿಂದ ಮಾಡಿದ ಔಷಧಿ. ಸೊಂಟದ ಹತ್ತಿರ ಬೆನ್ನಿನ ಮಾಂಸಕ್ಕೆ ಆಳವಾಗಿ ಕೊಡುತ್ತಾರೆ. ಅಲ್ಲಿ ಕೂದಲು ಬೋಳಿಸಿದ್ದರು, ಅಂಗೈ ಅಗಲ. ಮನೆಗೆ ಬಂದ ಬೆಲ್ಲ ಕೂರಲಾರದೆ ಮಲಗಲಾರದೆ ಗೋಡೆಗೆ ಹಣೆ ಆನಿಸಿ ನಿಂತುಕೊಂಡುಬಿಟ್ಟಿತು. ನಾನೂ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಮೆಲ್ಲಗೆ ಮುಂಗಾಲು ಮಡಿಚಿ ನನ್ನ ಸೀರೆ ಸೆರಗಿನ ಮೇಲೆ ಗದ್ದ ಇಟ್ಟಿತು. ಹಚ್ಚಿಕೊಂಡಿಲ್ಲ ಅಂದಿದ್ದೆನಲ್ಲ, ಆ ಮಾತನ್ನು ಆವತ್ತೇ ಬಿಟ್ಟೆ.

ಹಗಲೆಲ್ಲ ನಾವಿಬ್ಬರೇ. ಹಿತ್ತಲ ಬಾಗಿಲಿನ ಗಾಜಿಗೆ ಪರದೆ ಕಟ್ಟಿದೆ, ಅಳಿಲು ಕಂಡರೆ ಎಗರುತ್ತೆ ಅಂತ. ಕಾಲಿಂಗ್ ಬೆಲ್ ತೆಗೆಸಿದೆವು. ಚೆಂಡುಗಳು ಬೀರುವಿಗೆ ಹೋದವು. ಮೂತ್ರಕ್ಕೆ ಹೊರಗೆ ಕರೆದುಕೊಂಡು ಹೋಗುವಾಗಲೂ ಚಿಕ್ಕ ಹಗ್ಗ, ಐದು ನಿಮಿಷ, ವಾಪಸ್. ಆಡದ ನಾಯಿಗೆ ಮನಸ್ಸು ಕೆಡುತ್ತೆ. ಅದಕ್ಕೆ ಹಳೆಯ ಟವೆಲ್ಲಿನ ಮಡಿಕೆಯಲ್ಲಿ ತಿಂಡಿ ಚೂರು ಬಚ್ಚಿಟ್ಟು ಮೂಸಿ ಹುಡುಕಲು ಬಿಡುತ್ತಿದ್ದೆ, ಕೂತಲ್ಲೇ ಅರ್ಧ ಗಂಟೆ ಕಳೆಯುತ್ತಿತ್ತು. ಕೆಲಸದ ಅಭ್ಯಾಸ ಬಿಡುತ್ತದೆಯೇ, ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಲಂ ಮಾಡಿದ್ದೆ: ಮಾತ್ರೆ, ಊಟ, ಕೆಮ್ಮು, ಉಸಿರು. ಮಲಗಿದ್ದಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಬೇಕು. ಮೂವತ್ತರ ಒಳಗಿದ್ದರೆ ಸರಿ. ಬೆಲ್ಲಕ್ಕೆ ಸಾಮಾನ್ಯವಾಗಿ 18, 20 ಇರುತ್ತಿತ್ತು. ಈ ಎಣಿಕೆಗೆ ದುಡ್ಡು ಬೇಡ, ಓದು ಬೇಡ, ಯಾರು ಬೇಕಾದರೂ ಮಾಡಬಹುದು.

ಕೊನೆಯ ಚುಚ್ಚುಮದ್ದಿನ ಒಂಬತ್ತನೇ ರಾತ್ರಿ ಆ ಎಣಿಕೆ 44 ಬಂತು. ಒಣ ಕೆಮ್ಮು, ಮೂಗು ಬಿಸಿ, ಊಟ ಬೇಡ. ಏಳರಿಂದ ಹತ್ತನೇ ದಿನದ ಹೊತ್ತಿಗೆ ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಬೆಳಗಾಗಲಿ ಅಂತ ಕಾಯಲಿಲ್ಲ. ರಾತ್ರಿ ಹನ್ನೊಂದೂವರೆಗೆ ಮಗಳು ಕಾರು ತೆಗೆದಳು. ಆಮ್ಲಜನಕ ಕೊಟ್ಟು, ಸ್ಟೀರಾಯ್ಡ್ ಪ್ರಮಾಣ ಜಾಸ್ತಿ ಮಾಡಿ, ಎರಡು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ಆ ಎರಡು ದಿನ ನೋಟ್‌ಬುಕ್ಕಿನಲ್ಲಿ ಬರೀ ಗೆರೆಗಳಿವೆ.

ಅದು ಕಳೆದು ವಾರ ಆಗುವುದರೊಳಗೆ ಜುಲೈ 4 ಬಂತು. ಅಮೆರಿಕದವರ ಸ್ವಾತಂತ್ರ್ಯ ದಿನ, ಊರಿಗೆ ಊರೇ ಪಟಾಕಿ. ನಮ್ಮ ದೀಪಾವಳಿಯಲ್ಲಿ ಬೀದಿನಾಯಿಗಳು ಕಾರಿನ ಕೆಳಗೆ ನಡುಗುತ್ತಾ ಕೂರುವುದನ್ನು ನೋಡಿದ್ದೀರಲ್ಲ. ಹೃದಯದಲ್ಲಿ ಸತ್ತ ಹುಳು ಇರುವ ನಾಯಿಗೆ ಆ ನಡುಕವೇ ಸಾಕು. ಡಾಕ್ಟರಮ್ಮ ಮನಸ್ಸು ಶಾಂತ ಆಗುವುದಕ್ಕೆ ಮಾತ್ರೆ ಕೊಟ್ಟಿದ್ದರು. ಮನೆಯ ನಡುವೆ ಕಿಟಕಿ ಇಲ್ಲದ ಬಚ್ಚಲುಮನೆ ಇತ್ತು. ಅಲ್ಲಿ ಹಾಸಿಗೆ ಹಾಸಿ, ಫ್ಯಾನ್ ಜೋರಾಗಿ ಹಾಕಿ, ಬೆಲ್ಲವನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತೆ. ಎಂಟೂವರೆಯಿಂದ ರಾತ್ರಿ ಒಂದು ಗಂಟೆಯ ತನಕ. ಪ್ರತಿ ಢಂ ಶಬ್ದಕ್ಕೂ ಅದರ ಕಿವಿ ನನ್ನ ಕೈಯೊಳಗೆ ಅದುರುತ್ತಿತ್ತು, ನಾನು ಕಿವಿ ಮುಚ್ಚಿ ಹಿಡಿಯುತ್ತಿದ್ದೆ. ಬಾಯಿಗೆ ಬಂದ ದೇವರನಾಮವನ್ನೆಲ್ಲ ಮೆಲ್ಲಗೆ ಹೇಳಿದೆ. ಅಷ್ಟು ಹೊತ್ತು ಒಂದೇ ಭಂಗಿಯಲ್ಲಿ ಕೂತು ಮಂಡಿ ಹಿಡಿದುಕೊಂಡಿತು. ಅಳಿಯ ಬಂದು ಎಬ್ಬಿಸಬೇಕಾಯಿತು. ಆ ರಾತ್ರಿಯ ಉಸಿರು 24.

ಆಗಸ್ಟ್ ಮಧ್ಯದಲ್ಲಿ ಡಾಕ್ಟರಮ್ಮ ಹತ್ತು ನಿಮಿಷ ನಡೆಸಿ ಅಂದರು, ಆಮೇಲೆ ಹದಿನೈದು. ನಾನು ತಿಂಗಳ ಕೊನೆಗೆ ಮೈಸೂರಿಗೆ ಬಂದೆ. ಕೊನೆಯ ಚುಚ್ಚುಮದ್ದಾಗಿ ಒಂಬತ್ತು ತಿಂಗಳಿಗೆ ಮತ್ತೆ ರಕ್ತ ನೋಡಬೇಕು, ಅದು ಬಿದ್ದಿದ್ದು ಈ ಮಾರ್ಚ್‌ನಲ್ಲಿ. ಮಗಳು ಕಿಟ್‌ನ ಫೋಟೋ ಕಳಿಸಿದಳು, ಏನೂ ಬರೆದಿರಲಿಲ್ಲ. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದೆ. ಚುಕ್ಕೆ ಒಂದೇ ಇತ್ತು.

ಇದೆಲ್ಲ ಅಮೆರಿಕದ ಕಥೆ, ನಮಗೇಕೆ ಅನ್ನಬೇಡಿ. ನಾನು ಇಲ್ಲಿಗೆ ಬಂದ ಮೇಲೆ ನಮ್ಮ ಬೀದಿಯ ಒಬ್ಬ ಹುಡುಗ, ಕಾಲೇಜಿಗೆ ಹೋಗುವವನು, ಬೀದಿಯಲ್ಲಿದ್ದ ಒಂದು ಹೆಣ್ಣು ನಾಯಿಯನ್ನು ಮನೆಗೆ ಕರೆದುಕೊಂಡ. ಜ್ವರ ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಅದರಲ್ಲೂ ಹುಳು. ಹೃದಯದ ಹುಳು ಇರಬಹುದು ಅಂದಿದ್ದೇ ತಡ, ಮನೆಯವರೂ ಅಕ್ಕಪಕ್ಕದವರೂ ಸೇರಿ ಎಲ್ಲಾದರೂ ದೂರ ಬಿಟ್ಟು ಬಾ ಅಂದರು. ಮಕ್ಕಳಿಗೆ ಅಂಟುತ್ತೆ ಅಂತ ಬೇರೆ. ಹುಡುಗ ನನ್ನ ಹತ್ತಿರ ಬಂದು, 'ಆಂಟಿ, ನಿಮ್ಮ ಮಗಳ ಮನೆ ನಾಯಿಗೂ ಇದೇ ಅಲ್ವಾ ಆಗಿದ್ದು?' ಅಂದ. ಕಣ್ಣಲ್ಲಿ ನೀರಿತ್ತು.

ಅಂಟುವುದಿಲ್ಲ. ಮುಟ್ಟಿದರೆ, ನೆಕ್ಕಿದರೆ, ಒಂದೇ ತಟ್ಟೆಯಲ್ಲಿ ತಿಂದರೆ ಒಂದು ನಾಯಿಯಿಂದ ಇನ್ನೊಂದಕ್ಕೂ ಹೋಗುವುದಿಲ್ಲ. ನಡುವೆ ಸೊಳ್ಳೆ ಬೇಕೇ ಬೇಕು. ಸೊಳ್ಳೆ ನಾಯಿಯ ರಕ್ತ ಹೀರಿದಾಗ ಮರಿ ಹುಳು ಅದರೊಳಗೆ ಹೋಗುತ್ತೆ, ಹತ್ತು ಹದಿನೈದು ದಿನ ಅಲ್ಲಿ ಬೆಳೆದು, ಸೊಳ್ಳೆ ಇನ್ನೊಂದು ನಾಯಿಗೆ ಕಚ್ಚಿದಾಗ ಒಳಗೆ ಸೇರುತ್ತೆ. ದೊಡ್ಡದಾಗಲು ಆರೇಳು ತಿಂಗಳು. ಕಲಬುರಗಿ, ಯಾದಗಿರಿ ಕಡೆ ಆನೆಕಾಲು ರೋಗಕ್ಕೆ ಮನೆಮನೆಗೆ ಬಂದು ಮಾತ್ರೆ ನುಂಗಿಸುತ್ತಾರಲ್ಲ, ಅದರ ಹುಳುವೂ ಇದರ ದೂರದ ಸಂಬಂಧಿಯೇ, ಅದನ್ನು ಹರಡುವುದೂ ಸೊಳ್ಳೆಯೇ. ನಾಯಿಯನ್ನು ದೂರ ಬಿಟ್ಟು ಬಂದರೆ ಕಾಯಿಲೆ ದೂರ ಹೋಗುವುದಿಲ್ಲ. ಮರಿ ಹುಳು ನಾಯಿಯ ರಕ್ತದಲ್ಲಿ ಎರಡು ವರ್ಷದವರೆಗೂ ಇರಬಲ್ಲದು. ಬಿಟ್ಟ ಕಡೆಯ ಸೊಳ್ಳೆಗಳಿಗೆ ಅದನ್ನು ನಾವೇ ಹಂಚಿ ಬಂದಂತೆ.

ಇನ್ನೊಂದು ವಿಷಯ ಆ ಹುಡುಗನ ನಾಯಿಯಿಂದ ನಾನೂ ಕಲಿತೆ. ರಕ್ತದಲ್ಲಿ ಮರಿ ಹುಳು ಕಂಡ ಮಾತ್ರಕ್ಕೆ ಹೃದಯದ ಹುಳು ಅಂತ ಅಲ್ಲ. ಅದೇ ಜಾತಿಯ ಇನ್ನೊಂದು ಹುಳು ಚರ್ಮದ ಕೆಳಗೆ ಇರುತ್ತೆ, ಹೃದಯಕ್ಕೆ ಹೋಗುವುದಿಲ್ಲ. ಡೈರೊಫೈಲೇರಿಯಾ ರೆಪೆನ್ಸ್ ಅಂತ ಅದರ ಹೆಸರು. ದಕ್ಷಿಣದಲ್ಲಿ ಹೆಚ್ಚಾಗಿ ಕಾಣುವುದು ಅದೇ, ಹೃದಯದ ಹುಳು ಅಸ್ಸಾಂ ಕಡೆ ಜಾಸ್ತಿ ಅಂತ ಇಲ್ಲಿನ ಡಾಕ್ಟರು ಹೇಳಿದರು. ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಮನುಷ್ಯರ ಕಣ್ಣಿನಿಂದ ಹುಳು ತೆಗೆದ ಸುದ್ದಿ ಆಗಾಗ ಬರುತ್ತಲ್ಲ, ಅಲ್ಲೂ ಹೆಚ್ಚಾಗಿ ಸಿಗುವುದು ಇದೇ. ಮನುಷ್ಯರಿಗೂ ಅದು ಬರುವುದು ಸೊಳ್ಳೆಯಿಂದಲೇ, ನಾಯಿಯನ್ನು ಮುದ್ದಿಸಿದ್ದರಿಂದ ಅಲ್ಲ. ಯಾವ ಹುಳು ಅಂತ ಗೊತ್ತಾಗಲು ಆ ನೀಲಿ ಚುಕ್ಕೆಯ ಕಿಟ್ ಅಥವಾ ಲ್ಯಾಬ್ ಪರೀಕ್ಷೆ ಬೇಕು. ಹುಡುಗನ ನಾಯಿಗೆ ಕಿಟ್ ಪರೀಕ್ಷೆ ಮಾಡಿಸಿದೆವು. ಹೃದಯದ ಹುಳುವಿನ ಚುಕ್ಕೆ ಬರಲಿಲ್ಲ. ಔಷಧಿ ನಡೆಯುತ್ತಿದೆ, ನಾಯಿ ಅವರ ಮನೆಯಲ್ಲೇ ಇದೆ.

ದಯವಿಟ್ಟು ಇದೊಂದನ್ನು ಗಮನವಿಟ್ಟು ಓದಿ. ಉಣ್ಣಿ ಬಿದ್ದಿದೆ, ಕಜ್ಜಿ ಆಗಿದೆ ಅಂತ ಬೀದಿನಾಯಿಗಳಿಗೆ ಐವರ್ಮೆಕ್ಟಿನ್ ಚುಚ್ಚಿಸುವುದು, ದನಕ್ಕೆ ತಂದಿದ್ದನ್ನೇ ಅಂದಾಜಿನ ಮೇಲೆ ಕೊಡುವುದು ನಮ್ಮಲ್ಲಿ ತೀರಾ ಮಾಮೂಲು. ಅದು ಒಳ್ಳೆಯ ಔಷಧಿ, ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದದ್ದು, ಅದಕ್ಕಾಗಿ ಒಮುರಾ ಮತ್ತು ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ತಿಂಗಳಿಗೊಂದು ಸಲ ಕೊಡುವ ಕೆಲವು ಹಾರ್ಟ್‌ವರ್ಮ್ ತಡೆ ಮಾತ್ರೆಗಳಲ್ಲೂ ಅದೇ ಇರುತ್ತೆ, ಆದರೆ ತುಂಬಾ ಕಡಿಮೆ ಪ್ರಮಾಣದಲ್ಲಿ. ರಕ್ತದ ತುಂಬ ಮರಿ ಹುಳು ಇರುವ ನಾಯಿಗೆ ನೋಡದೇ ಚುಚ್ಚಿದರೆ, ಅಷ್ಟೂ ಒಮ್ಮೆಗೇ ಸತ್ತು ನಾಯಿ ಕುಸಿದು ಬೀಳಬಹುದು. ಕೋಲಿಯಂಥ ಕೆಲವು ತಳಿಗಳ ಮೆದುಳಿಗೆ ಆ ಔಷಧಿ ಪ್ರಮಾಣ ಜಾಸ್ತಿಯಾದರೆ ವಿಷ. ಮೊದಲು ರಕ್ತ ನೋಡಿಸಿ, ಆಮೇಲೆ ಔಷಧಿ.

ಹ್ಯೂಸ್ಟನ್‌ನಲ್ಲಿ ಒಟ್ಟು ಖರ್ಚು 1,500 ಡಾಲರ್ ದಾಟಿತ್ತು, ಆಸ್ಪತ್ರೆಯ ಎರಡು ರಾತ್ರಿ ಸೇರದೆ. ತಡೆ ಮಾತ್ರೆಗೆ ತಿಂಗಳಿಗೆ ಆಗುವುದು ಅದರ ಒಂದು ಸಣ್ಣ ಚೂರು. ಮೆಲಾರ್ಸೊಮಿನ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇಲ್ಲಿನ ಡಾಕ್ಟರುಗಳು ಡಾಕ್ಸಿಸೈಕ್ಲಿನ್ ಜೊತೆ ತಿಂಗಳ ಔಷಧಿ ಕೊಟ್ಟು ನಿಧಾನವಾಗಿ ವಾಸಿ ಮಾಡುತ್ತಾರೆ. ಅದಕ್ಕೆ ಇನ್ನೂ ಹೆಚ್ಚು ತಿಂಗಳು ಹಿಡಿಯುತ್ತೆ, ಅಷ್ಟೂ ದಿನ ನಾಯಿಯನ್ನು ಓಡಿಸಬಾರದು. ಮನೆಯಲ್ಲಿ ನನ್ನಂಥ ವಯಸ್ಸಾದವರು ಒಬ್ಬರಿದ್ದರೆ ಅದು ಆಗುವ ಕೆಲಸ.

ಆದ್ದರಿಂದ ನಾಯಿ ದತ್ತು ಕೊಡುವವರಲ್ಲಿ ನನ್ನ ಬೇಡಿಕೆ: ಲಸಿಕೆಯ ಕಾರ್ಡಿನಲ್ಲಿ ಹಾರ್ಟ್‌ವರ್ಮ್‌ಗೂ ಒಂದು ಸಾಲು ಇರಲಿ, ಆ ಸಾಲು ಖಾಲಿ ಇರದಿರಲಿ. ಪರೀಕ್ಷೆ ಆಗಿಲ್ಲ ಅಂದರೆ ಆಗಿಲ್ಲ ಅಂತಲೇ ಬರೆಯಿರಿ. ತೆಗೆದುಕೊಳ್ಳುವವರು ಆರೇಳು ತಿಂಗಳು ಬಿಟ್ಟು ಇನ್ನೊಂದು ಸಲ ಮಾಡಿಸಿ, ಯಾಕೆಂದರೆ ಹುಳು ದೊಡ್ಡದಾಗುವ ತನಕ ಕಿಟ್‌ನಲ್ಲಿ ಚುಕ್ಕೆ ಬರುವುದಿಲ್ಲ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಈ ಕಿಟ್ ಇಡುವ ಬಗ್ಗೆ ಪಶುಪಾಲನಾ ಇಲಾಖೆಯವರು ಯೋಚಿಸಲಿ. ಕಿಟ್ ಇಲ್ಲದ ಕಡೆ ಒಂದು ಹನಿ ರಕ್ತವನ್ನು ಮೈಕ್ರೋಸ್ಕೋಪಿನಲ್ಲಾದರೂ ನೋಡಲಿ.

ಜೂನ್‌ನಲ್ಲಿ ಮಳೆ ಹಿಡಿದರೆ ಸೊಳ್ಳೆ ಏಳುತ್ತವೆ. ಅದಕ್ಕೆ ಮೊದಲೇ ಈ ಪತ್ರ ಹಾಕಿದರೆ ಉಪಕಾರ ಆಗುತ್ತೆ. ಉದ್ದ ಆಯಿತು ಅಂತ ಕಡಿಮೆ ಮಾಡಲೇಬೇಕಾದರೆ ಬೆಲ್ಲದ ಕಥೆಯನ್ನು ಬೇಕಾದಷ್ಟು ಕತ್ತರಿಸಿ, ಐವರ್ಮೆಕ್ಟಿನ್ ವಿಷಯ ಮಾತ್ರ ಬಿಡಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಳು
ಮೈಸೂರು